ಸೊಗಡಿಲ್ಲದ ಹುರುಳಿಕಾಯಿ

ಕೋರಮಂಡಲ್,
ತಾ. 19-1-1944, ಬುಧವಾರ

ಪ್ರೀತಿಯ ಯಜಮಾನರ ಪಾದಗಳಿಗೆ ಕದಿರಮ್ಮ ಮಾಡುವ ನಮಸ್ಕಾರಗಳು.

ಹೋದ ಕಾಗದದಲ್ಲಿ ಕೆಮ್ಮು ಎಂದು ಬರೆದಿದ್ದಿರಿ, ಈಗ ಹೇಗಿದೆ? ಪುಣೆಯ ದಂಡಿನಲ್ಲಿ ಚಳಿ ಹೆಚ್ಚೆಂದು ನಿಮ್ಮ ಜೊತೆಯ ಪೆರುಮಾಳ್ ರಜೆಗೆ ಬಂದಾಗ ಹೇಳಿದ್ದ. ಕಂಬಳಿ ಇನ್ನೊಬ್ಬರಿಗೆ ಕೊಟ್ಟು ನೀವು ನಡುಗಬೇಡಿ, ನಿಮ್ಮ ಸ್ವಭಾವ ನನಗೆ ಗೊತ್ತು. ಇಲ್ಲಿ ಮಾವನವರು ಗಣಿಗೆ ಹೋಗಿ ಬರುತ್ತಿದ್ದಾರೆ. ಅತ್ತೆಯವರು ಗಟ್ಟಿಯಾಗಿದ್ದಾರೆ. ಎಷ್ಟು ಗಟ್ಟಿ ಎಂದು ಮುಂದೆ ಬರೆಯುತ್ತೇನೆ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು ನಾನು, ತಪ್ಪಿದ್ದರೆ ನಗಬೇಡಿ. ಎದುರಿಗೆ ನಿಂತು ಮಾತಾಡಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀವು ಪೆರುಮಾಳನ ಕೈಯಲ್ಲಿ ಕಳಿಸಿದ ಹುರುಳಿಕಾಯಿ ಬೀಜವನ್ನು ದೀಪಾವಳಿ ಹೊತ್ತಿಗೆ ಮನೆಯ ಹಿಂದೆ ಹಾಕಿದೆ. ಗಣಿಯವರು ಸುರಿದ ಸೈನೈಡ್ ಮಣ್ಣಿನ ದಿಬ್ಬದ ಧೂಳು ಕೂತು ಅಲ್ಲಿಯ ಮಣ್ಣೇ ಬೆಳ್ಳಗಾಗಿತ್ತು. ಕೆರೆಯ ಗೋಡು ಮಣ್ಣು ಹೊತ್ತು ತಂದು ಸುರಿದೆ. ಬಳ್ಳಿ ಹಬ್ಬಲಿ ಎಂದು ಅತ್ತೆಯವರು ಕೋಲು ನೆಟ್ಟರು. ಗಿಡಗಳು ಮೊಣಕಾಲೆತ್ತರಕ್ಕೆ ನಿಂತು ಪೊದೆಯಾದವು, ಕೋಲಿನ ಕಡೆ ತಿರುಗಿಯೂ ನೋಡಲಿಲ್ಲ. ಆಗಲೇ ಅವರಿಗೆ ಅಸಮಾಧಾನ. ನನಗೆ ಮಾತ್ರ ಎಳೆ ಕಾಯಿ ಜೋತಾಡತೊಡಗಿದಾಗ ಎಷ್ಟು ಸಂತೋಷವಾಯಿತೆಂದರೆ, ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಹೋಗಿ ನೋಡುತ್ತಿದ್ದೆ.

ನೀವೇ ಬರೆದಿದ್ದಿರಿ, ಮುರಿದರೆ ಲಟಕ್ಕೆನ್ನುವ ಹಾಗಿರುವಾಗಲೇ ಕೀಳಬೇಕು, ಕಿತ್ತಷ್ಟೂ ಮತ್ತೆ ಬಿಡುತ್ತದೆ ಎಂದು. ಅದನ್ನು ಅತ್ತೆಯವರಿಗೆ ಓದಿ ಹೇಳಿದೆ. ಅವರು ಕ್ಯಾಸಂಬಳ್ಳಿಯಲ್ಲಿ ರಾಗಿ ಹೊಲದ ಸಾಲುಗಳಲ್ಲಿ ಅವರೆ ಬೆಳೆದವರು. ಅವರೆಯಂತೆ ಇದಕ್ಕೂ ಕಾಳು ತುಂಬಬೇಕು, ಸೊಗಡು ಏರಬೇಕು ಎಂದು ಅವರ ವಾದ. "ಕಾಳು ಕಟ್ಟದ ಕಾಯ್ನ ಕೀಳ್ತಾರೇನೇ? ಬಸ್ರಿ ಒಟ್ಟೆ ಕೊಯ್ದಂಗೆ" ಎಂದರು. ಕಾಗದ ತೋರಿಸಿದರೆ, "ನನ್ ಮಗ ಅಂಗೆಲ್ಲ ಬರಿಯಲ್ಲ, ನೀನೇ ಸೇರ್ಸಿ ಓದ್ತಿದ್ದೀಯ" ಎಂದುಬಿಟ್ಟರು. ಇಷ್ಟು ದಿನ ನಿಮ್ಮ ಕಾಗದಗಳನ್ನು ಅವರಿಗೆ ಓದಿದವಳು ನಾನು. ಒಂದಕ್ಷರ ಸೇರಿಸಿಲ್ಲ, ಒಂದಕ್ಷರ ನುಂಗಿಲ್ಲ. ನನಗೊಬ್ಬಳಿಗೇ ಎಂದು ನೀವು ಬರೆದ ಸಾಲನ್ನೂ ನಾಚಿಕೆ ಬಿಟ್ಟು ಓದಿದ್ದೇನೆ. ಈ ಮಾತನ್ನು ಹೇಗೆ ಸಹಿಸಲಿ, ನೀವೇ ಹೇಳಿ.

ಬಚ್ಚಲ ಹಿಂದಿನ ಮೂಲೆಯ ಎರಡು ಗಿಡ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಅವುಗಳ ಎಳೆ ಕಾಯಿ ಕಿತ್ತು ಪಕ್ಕದ ಮನೆ ಮಾರಿಯಮ್ಮನಿಗೆ ಕೊಡುತ್ತಿದ್ದೆ; ನಮ್ಮ ಒಲೆಯ ಮೇಲೆ ಬೇಯಿಸುವಂತಿರಲಿಲ್ಲವಲ್ಲ. ಉಳಿದ ಗಿಡಗಳಲ್ಲಿ ಕಾಯಿ ಬಲಿತು ನಾರಾಯಿತು, ಹೂವು ನಿಂತಿತು, ಎಲೆ ಹಳದಿಯಾಯಿತು. ಅತ್ತೆಯವರು ಬಲಿತ ಕಾಯಿ ಸುಲಿದು, ಅವರೆ ಸುಲಿದಾಗ ಮಾಡುವಂತೆ ಅಂಗೈ ಮೂಸಿ ನೋಡಿಕೊಂಡರು. "ಸೊಗಡೇ ಇಲ್ಲ. ಎಲ್ಲಾ ನಿನ್ ಕೈಗುಣ, ನೀನ್ ಮುಟ್ಟಿದ್ದು ಒಣಗೋಯ್ತದೆ" ಎಂದರು. ಮೂಲೆಯ ಎರಡು ಗಿಡ ಇನ್ನೂ ಹೂ ಬಿಡುತ್ತಿರುವುದು ಕಂಡಾಗ, ನೀರೆಲ್ಲ ಅಲ್ಲಿಗೇ ಸುರಿದೆನೆಂದು ಬೈದರು. ಅಷ್ಟರಲ್ಲಿ ಮಾರಿಯಮ್ಮ ಬಟ್ಟಲು ಹಿಡಿದು ಬಂದು, "ಅಕ್ಕಾ, ನಿಮ್ ಸೊಸೆ ಕೊಟ್ಟ ಬೀನ್ಸು, ಪೊರಿಯಲ್ ಪಲ್ಯ ಮಾಡಿದೀನಿ, ತಿಂದ್ ನೋಡಿ" ಎಂದಳು. ಪಾಪ, ಅವಳಿಗೇನು ಗೊತ್ತು. ಈಗ ನಾನು ಕಳ್ಳಿಯೂ ಆದೆ.

ಕೊಳಾಯಿ ಹತ್ತಿರವೂ ನನ್ನ ಕೈಗುಣದ ಮಾತು ಹಬ್ಬಿದೆ. ಎದುರು ಮನೆಯ ಆದಿಲಕ್ಷ್ಮಮ್ಮನ ಮೆಣಸಿನ ಸಸಿಯ ಹತ್ತಿರ ಬಗ್ಗಿದರೆ ಸಾಕು, "ನೀನ್ ಮುಟ್ಬ್ಯಾಡ ಕಣಮ್ಮ" ಎನ್ನುತ್ತಾಳೆ. ಅತ್ತೆಯವರು ನಮ್ಮ ಹುರುಳಿಕಾಯಿ ಹಾಕಿದ ಜಾಗದಲ್ಲಿ ಮೇಕೆ ಕಟ್ಟಲು ಗೂಟ ಹೊಡೆದಿದ್ದಾರೆ. ನೀವು ಬರುವ ತನಕ ನನ್ನನ್ನು ಕಾಮಸಮುದ್ರಕ್ಕೆ, ತವರಿಗೆ ಕಳಿಸುತ್ತಾರಂತೆ. ಕೈಗುಣ ಸರಿಯಿಲ್ಲವೆಂದು ಮಗಳನ್ನು ವಾಪಸು ಕಳಿಸಿದರು ಎಂದರೆ ಅಪ್ಪ ಊರಲ್ಲಿ ಹೇಗೆ ತಲೆ ಎತ್ತಬೇಕು? ಮಾವನವರು ಇದರಲ್ಲಿ ಬಾಯಿ ಹಾಕುವುದಿಲ್ಲ. ನಾನು ಹೋಗುವುದಿಲ್ಲ. ಅವರೆದುರು ಹೇಳಲಾರೆ, ನಿಮಗೆ ಹೇಳುತ್ತಿದ್ದೇನೆ. ನೀವು ಕಾಗದ ಬರೆದು ಪ್ರಯೋಜನವಿಲ್ಲ, ಮನೆಯಲ್ಲಿ ಓದು ಬರುವವಳು ನಾನೊಬ್ಬಳೇ, ಮತ್ತೆ ಸೇರಿಸಿ ಓದಿದೆ ಎನ್ನುತ್ತಾರೆ. ನಿಮ್ಮ ಜೊತೆ ದಂಡಿನಲ್ಲಿರುವ, ನಮ್ಮ ಲೈನು ಮನೆಗಳ ಸೊಣ್ಣಪ್ಪ ಶಿವರಾತ್ರಿಗೆ ರಜೆ ಮೇಲೆ ಬರುತ್ತಾನಂತಲ್ಲ, ಎಳೆ ಕಾಯಿ ಕೀಳಬೇಕೆಂದು ಬರೆದವರು ನೀವೇ ಎಂದು ಅವನ ಬಾಯಲ್ಲಿ ಹೇಳಿಸಿ.

ಕೆಮ್ಮಿಗೆ ಮೆಣಸು, ಬೆಲ್ಲ ಜಗಿಯಿರಿ. ಮುನೇಶ್ವರ ನಿಮ್ಮನ್ನು ಕಾಯಲಿ.

ನಿಮ್ಮ
ಕದಿರಮ್ಮ

ಮತ್ತೊಂದು ಮಾತು: ಸೊಣ್ಣಪ್ಪನಿಗೆ ಹೇಳುವುದು ಬೇಡ. ಇಷ್ಟುದ್ದ ಏನು ಬರೆದೆ, ಓದು ಎಂದು ಅತ್ತೆಯವರು ಬಂದು ಕೂತರು. ಮೊದಲಿಂದ ಕೊನೆಯ ತನಕ ಓದಿದೆ, ಏನೂ ನುಂಗಲಿಲ್ಲ. ಅವರ ಮಾತುಗಳು ಅವರು ಆಡಿದ ಹಾಗೆಯೇ ಇದ್ದವು, ಸೇರಿಸಿ ಓದಿದೆ ಎನ್ನಲು ಈ ಸಲ ಅವರಿಂದಾಗಲಿಲ್ಲ. ಎದ್ದು ಹೋಗಿ ಗೂಟ ಕಿತ್ತು ತಂದು ಸೌದೆಯ ಮೇಲೆ ಎಸೆದರು. ಈಗ ಒಣಗಿದ ಕಾಯಿ ಬಿಡಿಸಿ, ಹುಳ ಬೀಳದಂತೆ ಬೀಜಕ್ಕೆ ಬೂದಿ ಹಚ್ಚುತ್ತಿದ್ದಾರೆ. ಕಾಮಸಮುದ್ರದ ಮಾತಿಲ್ಲ. ನನ್ನ ಕೋಪ ಇನ್ನೂ ಇಳಿದಿಲ್ಲ. ಮತ್ತೆ ಯಾವ ತಿಂಗಳು ಬಿತ್ತಬೇಕೆಂದು ನಿಮ್ಮನ್ನು ಕೇಳಬೇಕಂತೆ. "ನಾನ್ ಕೇಳ್ದೆ ಅಂತ ಬರೀಬ್ಯಾಡ" ಎಂದರು. ಬರೆದಿದ್ದೇನೆ.