ಬೇಲಿ ಬುಡದ ಮಣ್ಣು

ಮೇಲಿನ ಮನೆ, ಅಡಿಗೆಮನೆಯ ಮೇಜು
ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕನ ಪಾದಗಳಿಗೆ (ಊದಿಕೊಂಡಿವೆಯೆಂದು ಕೇಳಿದೆ, ಆದ್ದರಿಂದ ಸ್ವಲ್ಪ ದೂರದಿಂದಲೇ) ತಮ್ಮನ ನಮಸ್ಕಾರ.

ಹೇಗಿದ್ದೀಯ? ಊತ ಇಳಿಯಿತಾ? ಡಾಕ್ಟರಮ್ಮ ಈಗಲೂ ಎಡಮಗ್ಗುಲಿಗೇ ಮಲಗು ಅನ್ನುತ್ತಾರಾ, ಇಲ್ಲ ದೊಡ್ಡ ಮನಸ್ಸು ಮಾಡಿ ಬಲಮಗ್ಗುಲನ್ನೂ ಮಂಜೂರು ಮಾಡಿದ್ದಾರಾ? ಒಳಗಿರುವ ಮಹಾಶಯರು (ಮಹಾಶಯೆಯಾದರೆ ಕ್ಷಮೆಯಿರಲಿ) ಒದೆಯುವುದನ್ನು ಕಲಿತಿದ್ದಾರೆಂದು ಭಾವ ಫೋನಿನಲ್ಲಿ ಹೇಳಿದರು. ಸೋದರಮಾವನ ಪರವಾಗಿ ಅವರಿಗೆ ಅಭಿನಂದನೆ ತಿಳಿಸು. ನೀನು ನನ್ನನ್ನು ಒದ್ದೇ ಬೆಳೆಸಿದವಳು. ಈಗ ನ್ಯಾಯ ಒಳಗಿನಿಂದಲೇ ನಡೆಯುತ್ತಿದೆ. ಭಾವನಿಗೆ ಹೇಳು, ನಿನ್ನನ್ನು ಹಾಸಿಗೆಯಿಂದ ಏಳಲು ಬಿಟ್ಟರೆ ಅವರ ಮೀಸೆಯ ಜವಾಬ್ದಾರಿ ನನ್ನದಲ್ಲ.

ಇಲ್ಲಿ ನಾವಿಬ್ಬರೂ ಕ್ಷೇಮ. ಕ್ಷೇಮ ಎಂದರೆ ಉಣ್ಣುತ್ತೇವೆ, ಮಲಗುತ್ತೇವೆ, ಬಾಗಿಲಿಗೆ ಚಿಲಕ ಹಾಕುತ್ತೇವೆ. ಅಡಿಗೆಯ ಖಾತೆಯನ್ನು ಅಪ್ಪ ವಹಿಸಿಕೊಂಡಿದ್ದಾರೆ. ಒಂದು ದಿನ ಆಲೂಗೆಡ್ಡೆ ಬೇಯಿಸುತ್ತಾರೆ. ಮರುದಿನ ಅದನ್ನೇ ಬೇರೆ ಪಾತ್ರೆಯಲ್ಲಿ ಬೇಯಿಸುತ್ತಾರೆ. ಇದಕ್ಕೆ ಬದಲಾವಣೆ ಎಂದು ಹೆಸರು. ಬಾಗಿಲ ಪಕ್ಕದ ಮೊಳೆಯಲ್ಲಿ ಅಮ್ಮನ ಹುಲ್ಲುಟೋಪಿ ಹಾಗೇ ನೇತಾಡುತ್ತಿದೆ. ಅದರ ಅಂಚು ಮುಖಕ್ಕೆ ತಾಗುತ್ತದೆಂದು ಇಬ್ಬರೂ ಮೊದಲಿನಂತೆ ತಲೆ ತಗ್ಗಿಸಿಯೇ ಹೊರಗೆ ಹೋಗುತ್ತೇವೆ. ತೆಗೆದು ಬೇರೆಡೆ ಇಟ್ಟರೆ ಆಯಿತು. ಇಡುವುದಿಲ್ಲ.

ಅಮ್ಮನನ್ನು ಮಣ್ಣು ಮಾಡಿದ ದಿನ ಹೇಗಿತ್ತೆಂದು ಎರಡು ಸಲ ಬರೆದು ಕೇಳಿದ್ದೀಯ. ನಾನು ಅಳಲಿಲ್ಲ ಅಕ್ಕ. ಅಳುವುದಕ್ಕೆ ಬೇಕಾದ ಏರ್ಪಾಡೆಲ್ಲ ಮಾಡಿಕೊಂಡೇ ಹೋಗಿದ್ದೆ, ಜೇಬಿನಲ್ಲಿ ಇಸ್ತ್ರಿ ಮಾಡಿದ ಕರ್ಚೀಫೂ ಇತ್ತು. ಆದರೆ ಕೆಳಗಿನ ಮನೆಯ ನಮ್ಮ ಗೋಡೆ ದೊಡ್ಡಪ್ಪ, ಜೀವಮಾನವೆಲ್ಲ ಇಳಿಜಾರಿಗೆ ಕಲ್ಲುಗೋಡೆ ಕಟ್ಟಿದ ಆ ಮಹಾನುಭಾವ, ಒಂದು ಕಾಲಿಗೆ ಕಪ್ಪು ಬೂಟು, ಇನ್ನೊಂದಕ್ಕೆ ಕಂದು ಬೂಟು ಹಾಕಿಕೊಂಡು ಬಂದು ಅತಿ ಗಂಭೀರವಾಗಿ ನಿಂತಿದ್ದರು. ಇದನ್ನು ಅಮ್ಮನಿಗೆ ತೋರಿಸಬೇಕಲ್ಲ ಎಂದು ತಿರುಗಿದೆ. ಅಷ್ಟೆ. ಅದಾದ ಮೇಲೆ ಒಳಗೆ ಏನೋ ಮುಚ್ಚಿಕೊಂಡಿತು. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದರೆ ಕೆನ್ನೆ ಇನ್ಯಾರದೋ ಆಗಿಬಿಡುತ್ತದಲ್ಲ, ಕಚ್ಚಿಕೊಂಡರೂ ಗೊತ್ತಾಗುವುದಿಲ್ಲವಲ್ಲ, ಹಾಗೆ. ಗುಂಡಿಯ ಗೋಡೆಯಲ್ಲಿ ಪದರಗಳು ಚೆನ್ನಾಗಿ ಕಾಣುತ್ತಿದ್ದವು: ಮೇಲೆ ಕಪ್ಪು, ನಡುವೆ ಬೆರಳಗಲದ ಬಿಳಿ ಗೆರೆ, ಅದರ ಕೆಳಗೆ ಕಂದು. ನಮ್ಮ ಬೆಂಕಿಬೆಟ್ಟದ ತಾತ ಒಂದೊಂದು ಸಲ ಬೂದಿ ಸೀನಿದಾಗ ಒಂದೊಂದು ಪದರ ಬಿತ್ತು ಎಂದು ಅಮ್ಮ ಹೇಳುತ್ತಿದ್ದಳಲ್ಲ. ಅವಳನ್ನು ಮೂರು ಸೀನಿನ ಆಳಕ್ಕೆ ಇಳಿಸಿ ಬಂದೆವು.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ‘ಅಮ್ಮನ ಪಾತಿ ಹೇಗಿದೆ, ಯಾರೂ ಬರೆಯುವುದಿಲ್ಲವಲ್ಲ, ನಾನು ಬರಲಾಗಲಿಲ್ಲವೆಂದು ಅಪ್ಪನಿಗೆ ಕೋಪವಾ?’ ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಲಾಗದು, ಅಪ್ಪ ಪಕ್ಕದಲ್ಲೇ ಕೈಕಟ್ಟಿ ನಿಂತಿರುತ್ತಾರೆ. ಆದ್ದರಿಂದ ಈ ಕಾಗದ. ಕೋಪವಲ್ಲ ಅಕ್ಕ. ಪಾತಿ ಸತ್ತುಹೋಗಿದೆ.

ನಮ್ಮ ಮಣ್ಣಿನ ಜಾತಕ ನಿನಗೆ ಗೊತ್ತೇ ಇದೆ. ಮುತ್ತಜ್ಜನ ಮುತ್ತಜ್ಜ ಹುಟ್ಟುವ ಮೊದಲೇ ಬೆಟ್ಟದ ತಾತ ಬೆಂಕಿ ಕಕ್ಕಿ, ಬೂದಿ ಸೀನಿ, ಮಗ್ಗುಲಾಗಿ ಮಲಗಿದರು. ಆ ಬೂದಿಯೇ ಕೊಳೆತು ಕಳಿತು ಈ ಕಪ್ಪು ಮಣ್ಣಾಯಿತು. ಬುಟ್ಟಿ ತುಂಬ ಹೊತ್ತರೂ ಹೂವು ಹೊತ್ತಂತೆ ಹಗುರ. ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. ಹೆಬ್ಬೆರಳಿನಲ್ಲಿ ಒತ್ತಿ ಉಜ್ಜಿದರೆ ನೀರು ಬಿಟ್ಟು ಜಾರುತ್ತದೆ. ‘ನೋಡ್ರೋ, ಬೆವರ್ತಿದೆ’ ಎಂದು ಅಮ್ಮ ನಮ್ಮ ಅಂಗೈಯಲ್ಲಿಟ್ಟು ತೋರಿಸುತ್ತಿದ್ದಳು. ಇಷ್ಟೆಲ್ಲ ಉದಾರಿಯಾದ ಈ ಮಣ್ಣಿಗೆ ಒಂದೇ ಒಂದು ಹಟ. ಅಗೆದು ಸಡಿಲ ಮಾಡಿದ ಮೇಲೆ ಬಿಸಿಲಿಗೆ ಪೂರಾ ಒಣಗಲು ಬಿಟ್ಟರೆ ಮುಗಿಯಿತು, ಆಮೇಲೆ ಕೆರೆಯನ್ನೇ ತಂದು ಸುರಿದರೂ ನೀರು ಮುಟ್ಟುವುದಿಲ್ಲ. ಅದಕ್ಕೇ ಅಲ್ಲವೇ ನಮ್ಮ ಮನೆಯ ಕಾನೂನು: ಊಟಕ್ಕೆ ಏಳುವಾಗಲೂ ಪಾತಿಗೆ ಒಣಹುಲ್ಲು ಹೊದಿಸಿ ಏಳಬೇಕು. ‘ಹೊದಿಕೆ ತೆಗೆದು ಊರು ಸುತ್ತಕ್ಕೆ ಹೋಗ್ಬೇಡಿ, ಅದು ನಿಮ್ಮಪ್ಪನ ಹಾಗೆ, ಒಂದ್ಸಲ ಮುನಿಸ್ಕೊಂಡ್ರೆ ಮುಗೀತು.’

ಅಮ್ಮನಿಗೆ ಹುಷಾರು ತಪ್ಪಿದ ದಿನ ಬೀಜದ ಆಲೂಗೆಡ್ಡೆ ಹಾಕೋಣವೆಂದು ಅಪ್ಪ ಹುಲ್ಲನ್ನೆಲ್ಲ ಸರಿಸಿ, ಅವಳ ಆ ಮೇಲಿನ ಪಾತಿಯನ್ನು ಆಳವಾಗಿ ಅಗೆದು ಏರಿ ಮಾಡಿದ್ದರು. ಅಮ್ಮ ಬೀಜದ ಬುಟ್ಟಿ ಹಿಡಿದು ಬಂದವಳು ಗೋಡೆಗೆ ಒರಗಿ ಕೂತಳು. ‘ಯಾಕೋ ಕೈ ಜೋಮು ಹಿಡಿದಿದೆ’ ಅಂದಳು. ಮುಂದಿನದು ನಿನಗೆ ಗೊತ್ತು: ತರಕಾರಿ ಲಾರಿಯಲ್ಲಿ ಆಸ್ಪತ್ರೆ, ಅಲ್ಲಿನ ಹಸಿರು ಬಣ್ಣದ ಬೆಂಚು, ನಾನು ಅಪ್ಪ ಪಾಳಿಯ ಮೇಲೆ ನಿದ್ದೆ ಮಾಡಿದ ವಾರಗಳು. ಮಳೆ ಇಲ್ಲ, ಮೇಲಿಂದ ಒಣಗಾಳಿ. ಅವಳನ್ನು ಕರೆತಂದು, ಮಣ್ಣು ಮಾಡಿ, ಬಂದವರೆಲ್ಲ ಹೋದ ಮೇಲೆ ಅಪ್ಪ ಹೊರಗೆ ನಿಂತು ಮೇಲೆ ನೋಡಿದರು. ಪಾತಿ ಆಗಿನಿಂದಲೂ ಬತ್ತಲೆ ಬಿದ್ದಿತ್ತು. ನಮ್ಮಿಬ್ಬರಿಗೂ ನೆನಪೇ ಆಗಿರಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ತೊಟ್ಟಿಯಿಂದ ಬಕೆಟ್ಟುಗಳಲ್ಲಿ ನೀರು ಹೊತ್ತು ಹಾಕುತ್ತಾರೆ. ನೀರು ಕೆಸುವಿನೆಲೆಯ ಮೇಲಿನಂತೆ ಗುಂಡಗಾಗಿ, ಬೆನ್ನಿಗೆ ದೂಳು ಮೆತ್ತಿಕೊಂಡು, ಉರುಳಿಕೊಂಡು ಕೆಳಗೆ ಹೋಗುತ್ತದೆ. ಹೋದ ಜಾಗ ಗೀರಿದರೆ ಒಳಗೆ ಬರೀ ಹುಡಿ. ಗೋಡೆ ದೊಡ್ಡಪ್ಪ ಬಂದು ನೋಡಿ, ‘ಬಿಡಪ್ಪಾ, ಅದು ಹೋಯ್ತು. ಮೇಲಿನ ಪದರ ಕೆರೆದು ಎಸೆದ್ಬಿಡು’ ಅಂದರು. ಅಪ್ಪ ಹೋಗಿ ಇನ್ನೊಂದು ಬಕೆಟ್ಟು ತಂದರು. ಹೆರಿಗೆಗೆ ಮುಂಚೆ ಬನ್ನಿ ಎಂದು ಭಾವ ಕರೆದ ದಿನ ಅಪ್ಪ ಫೋನಿಟ್ಟು ನನಗೆ ಹೇಳಿದ್ದು ಇಷ್ಟು: ‘ಅವಳು ಪಾತಿ ಹೇಗಿದೆ ಅಂತ ಕೇಳ್ತಾಳೆ. ಏನಂತ ಹೇಳ್ಲಿ? ಅದು ನೀರು ಕುಡೀಲಿ. ಆಮೇಲೆ ಮುಖ ತೋರಿಸ್ತೀನಿ.’ ಇದೇ ಅಕ್ಕ, ನೀನು ಕೋಪ ಅಂದುಕೊಂಡದ್ದು. ಆ ಮಣ್ಣು ಕುಡಿಯುವುದಿಲ್ಲ. ಅಂದರೆ ಅಪ್ಪ ಬರುವುದಿಲ್ಲ. ಮೊಮ್ಮಗು ಶಾಲೆಗೆ ಸೇರಿದರೂ ಬರುವುದಿಲ್ಲ. ಅವರ ಹಟ ನಿನಗೆ ಗೊತ್ತು, ಅರ್ಧ ನಿನಗೇ ಬಂದಿದೆ.

ಇಂಥ ಸಂಕಟಕಾಲದಲ್ಲಿ, ಶಾಲೆಯ ಗಂಟೆಗೆ ಗೋಂದು ಬಳಿದ ಖ್ಯಾತಿಯ ನಿನ್ನ ತಮ್ಮ ಕೈಕಟ್ಟಿ ಕೂರುವನೇ? ಅಡಿಗೆಮನೆಯ ನೀರು ಹೋಗುವ ಕಡೆ, ಬೇಲಿ ಬುಡದಲ್ಲಿ, ಮರದ ನೆರಳಿಗೆ ಎಂದೂ ಒಣಗದ ಮಣ್ಣಿದೆಯಲ್ಲ? ಅಪ್ಪ ಏಳುವ ಮೊದಲೇ ಎದ್ದು, ಅಲ್ಲಿ ಗುಂಡಿ ತೋಡಿ, ಬುಟ್ಟಿ ಬುಟ್ಟಿ ಹೊತ್ತು ಮೇಲೆ ತಂದೆ. ಪಾತಿಯ ಮೊದಲ ಸಾಲಿನ ಸತ್ತ ಹುಡಿ ತೋಡಿ, ಅದರಲ್ಲಿ ಈ ಜೀವಂತ ಮಣ್ಣು ತುಂಬಿ, ಮೇಲೆ ಒಂದು ಹಿಡಿ ಹುಡಿ ಉದುರಿಸಿ, ಏನೂ ಅರಿಯದ ಹಸುಳೆಯಂತೆ ಹೋಗಿ ಮಲಗಿದೆ. ಬುಟ್ಟಿ ಹಗುರ, ಏರು ಮಾತ್ರ ಹಗುರವಲ್ಲ. ಹೀಗೇ ಒಂದು ವಾರ ಮಾಡಿ ಸಾಲು ಪೂರ್ತಿ ತುಂಬಿದ ಮೇಲೆ ಅಪ್ಪ ನೀರು ಹಾಕಿದಾಗ ಅದು ಉರುಳಲಿಲ್ಲ. ಇಳಿಯಿತು. ಅಪ್ಪ ಬಕೆಟ್ಟು ಕೆಳಗಿಟ್ಟು ಮಂಡಿಯೂರಿದರು. ಒಂದು ಚಿಟಿಕೆ ತೆಗೆದು ಹೆಬ್ಬೆರಳಿನಲ್ಲಿ ಬಹಳ ಹೊತ್ತು ಉಜ್ಜಿದರು. ‘ಲೋ, ಬಾ ಇಲ್ಲಿ’ ಎಂದು ಕರೆದರು. ‘ಬೆವರ್ತಿದೆ.’ ನಾನು ವಿಜ್ಞಾನಿಯ ಮುಖ ಮಾಡಿ, ‘ಆಶ್ಚರ್ಯ’ ಅಂದೆ. ಗೋಡೆ ದೊಡ್ಡಪ್ಪನನ್ನೂ ಕರೆದು ತೋರಿಸಿದರು. ಆ ಮನುಷ್ಯ ಮಣ್ಣು ನೋಡಿ, ನನ್ನ ಉಗುರು ನೋಡಿ, ‘ನಲವತ್ತು ವರ್ಷದಲ್ಲಿ ಕಂಡಿರ್ಲಿಲ್ಲ, ಮಣ್ಣಿಗೂ ಕಾಲು ಬರುತ್ತೆ’ ಎಂದು ಹೊರಟುಹೋದರು. ಅಪ್ಪ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವರು ನಗುತ್ತಿದ್ದರು. ನನಗೆ ಸಂತೋಷವಾಗಬೇಕಿತ್ತು. ಕುಚೇಷ್ಟೆ ಫಲಿಸಿದಾಗ ಹೊಟ್ಟೆಯಲ್ಲಿ ಏಳುತ್ತಿತ್ತಲ್ಲ ಒಂದು ಗುಳುಗುಳು, ಅದನ್ನು ಕಾದು ನಿಂತೆ. ಬರಲಿಲ್ಲ. ಉಗುರಿನ ಮಣ್ಣು ತೆಗೆಯುತ್ತ ನಿಂತಿದ್ದೆ.

ಆದ್ದರಿಂದ ಈಗ ನಿನ್ನ ಪಾತ್ರ. ಅಪ್ಪ ಪಾತಿಯ ಮಾತೆತ್ತಿದರೆ ‘ನಂಗೊತ್ತಿತ್ತು, ಅಮ್ಮನ ಪಾತಿ ಅಷ್ಟು ಬೇಗ ಸೋಲಲ್ಲ’ ಎನ್ನು. ಅಳಬೇಡ, ನಗಬೇಡ, ಮುಖ್ಯವಾಗಿ ‘ಅದೆಂಗಪ್ಪಾ?’ ಎಂದು ಮಾತ್ರ ಕೇಳಬೇಡ. ಉಳಿದ ಸಾಲುಗಳನ್ನು ನಾನು ನೋಡಿಕೊಳ್ಳುತ್ತೇನೆ.

ಎಡಮಗ್ಗುಲಿಗೇ ಮಲಗು. ಭಾವನಿಗೆ ನಮಸ್ಕಾರ, ಒಳಗಿರುವವರಿಗೆ ಮಾವನ ಆಶೀರ್ವಾದ. ಒದೆತದಲ್ಲಿ ಶ್ರದ್ಧೆ ಬಿಡದಿರಲಿ.

ಇತಿ, ಸತ್ತ ಮಣ್ಣಿಗೆ ಕಾಲು ಬರಿಸಿದ
ನಿನ್ನ ಕೋತಿ

ತಾ.ಕ.: ಅವಸರದಲ್ಲಿದ್ದೇನೆ, ಬಸ್ಸು ಕೆಳಗಿನ ತಿರುವಿನಲ್ಲಿ ಹಾರ್ನ್ ಹೊಡೆಯುತ್ತಿದೆ. ಈ ಕಾಗದ ಅಂಚೆಗೆ ಹೋಗುವುದಿಲ್ಲ, ಅಂಟಿಸಿ ಅಪ್ಪನ ಕೈಯಲ್ಲೇ ಕೊಡುತ್ತಿದ್ದೇನೆ. ಹೌದು, ಬರುತ್ತಿದ್ದಾರೆ. ಈಗ ತಾನೇ ಮೊದಲ ಸಾಲಿನ ಮಣ್ಣನ್ನು ಬಿಸ್ಕತ್ತಿನ ಡಬ್ಬಿಗೆ ತುಂಬಿ, ಒದ್ದೆ ಬಟ್ಟೆ ಸುತ್ತಿದರು. ದಾರ ಕಟ್ಟುತ್ತ, ನನ್ನ ಕಡೆ ನೋಡದೆ, ‘ಬೇಲಿ ಬುಡದ ಗುಂಡಿ ಮುಚ್ಬಿಡು ಕಣೋ, ಯಾರಾದ್ರೂ ಬಿದ್ದಾರು’ ಅಂದರು. ಹೊರಗೆ ಹೋಗುವಾಗ ತಲೆ ತಗ್ಗಿಸಲಿಲ್ಲ. ಟೋಪಿ ಮೊಳೆಯಲ್ಲಿರಲಿಲ್ಲ, ಅವರ ತಲೆಯ ಮೇಲಿತ್ತು. ಚಿಕ್ಕದು, ನಗಬೇಡ. ಅಕ್ಕ, ನಾನು ಮೇಲೆ ಬರೆದ ನಾಟಕವೆಲ್ಲ ರದ್ದು. ಡಬ್ಬಿ ಕೊಟ್ಟಾಗ ಅವರೆದುರೇ ಹೆಬ್ಬೆರಳಿನಲ್ಲಿ ಉಜ್ಜಿ ನೋಡು. ಪಾತಿಯದಲ್ಲ ಎಂದು ಇಬ್ಬರಿಗೂ ಗೊತ್ತಿರುತ್ತದೆ, ಆದರೂ ಬೆವರುತ್ತದೆ. ನೋಡಿದ ಕೂಡಲೇ ಮುಚ್ಚಳ ಹಾಕು.