ಕೆಂಪು ದಾರದ ಉತ್ತರ

ದೊಡ್ಡಬಳ್ಳಾಪುರ
ಭಾನುವಾರ, ೧೪-೩-೧೯೯೯

ಪ್ರೀತಿಯ ತಮ್ಮ ಯೋಗಾನಂದ,

ಹೇಗಿದ್ದೀಯೋ? ಇಚಲಕರಂಜಿಯ ನೀರು, ಅಲ್ಲಿಯ ಮಗ್ಗದ ಕೆಲಸ ಒಗ್ಗಿತೇ? ಕೆಮ್ಮು ಕಡಿಮೆಯಾಯಿತೇ? ಅಮ್ಮನಿಗೆ ಎರಡು ಕಾಗದ ಬರೆದಿದ್ದೀಯ, ಎರಡರಲ್ಲೂ ನನ್ನ ಹೆಸರಿಲ್ಲ. ಇರಲಿ, ನಾನು ಮಾಡಿದ್ದಕ್ಕೆ ಅಷ್ಟಾದರೂ ಬೇಡವೇ. ಅಪ್ಪನ ಮಂಡಿನೋವು ಹಾಗೇ ಇದೆ. ನಿನ್ನ ಮಗ್ಗವನ್ನು ಈಗ ಪಕ್ಕದ ಮನೆಯ ಆವಲಪ್ಪನವರು ನೋಡಿಕೊಳ್ಳುತ್ತಾರೆ, ಕೆಲಸಕ್ಕಿಂತ ಮಾತೇ ಹೆಚ್ಚು.

ಇವತ್ತು ಬೀರು ಒರೆಸುವಾಗ ನಿನ್ನ ನೋಟ್‌ಬುಕ್ ಸಿಕ್ಕಿತು. ಮೂರು ತಿಂಗಳು ಪ್ರತಿ ಭಾನುವಾರ ನಾನು ಹೇಳಿ ನೀನು ಬರೆದುಕೊಂಡ ಇಂಟರ್‌ವ್ಯೂ ಪ್ರಶ್ನೆಗಳು: ಪಾಯಿಂಟರ್ ಎಂದರೇನು, ಸ್ಟ್ಯಾಕ್‌ಗೂ ಕ್ಯೂಗೂ ಏನು ವ್ಯತ್ಯಾಸ. ಮಗ್ಗದ ಸದ್ದಿನ ನಡುವೆ ನೀನು ಕಿರುಚಿ ಕಿರುಚಿ ಒಪ್ಪಿಸುತ್ತಿದ್ದೆ, ಅಮ್ಮ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಹೋದ ವರ್ಷ ನಮ್ಮ ಕಂಪನಿಯ ಇಂಟರ್‌ವ್ಯೂನಲ್ಲಿ ನಾನೇ ಎದುರು ಕೂತು ಕೇಳಿದಾಗ ಅವೆಲ್ಲಕ್ಕೂ ನೀನು ಪಟಪಟನೆ ಉತ್ತರ ಕೊಟ್ಟೆ. ನೀನು ನನ್ನ ತಮ್ಮನೆಂದು ನನ್ನ ಪಕ್ಕದಲ್ಲಿ ಪ್ರಶ್ನೆ ಕೇಳಲು ಕೂತಿದ್ದ ಇಬ್ಬರಿಗೂ ಗೊತ್ತಿತ್ತು. ಅವರು ಮುಖ ಮುಖ ನೋಡಿಕೊಂಡರು. ಅಕ್ಕನೇ ಹೇಳಿಕೊಟ್ಟಿದ್ದಾಳೆ ಅಂದುಬಿಟ್ಟರೆ ಎಂದು ನನಗೆ ಹೆದರಿಕೆಯಾಯಿತು. ಅದಕ್ಕೇ ನೋಟ್‌ಬುಕ್ಕಿನಲ್ಲಿ ಇಲ್ಲದ್ದನ್ನು ಕೇಳಿದೆ: ಒಂದಕ್ಕೊಂದು ಕೊಂಡಿ ಹಾಕಿದ ಪಟ್ಟಿ ಮುಂದೆಲ್ಲೋ ತಿರುಗಿ ತನ್ನದೇ ಹಿಂದಿನ ಕೊಂಡಿಗೆ ಬಂದು ಸುತ್ತಿಕೊಂಡಿದ್ದರೆ ಕಂಡುಹಿಡಿಯುವುದು ಹೇಗೆ?

ನೀನು ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಬಂದೆ. “ನಮ್ ಮಗ್ಗದ್ ಮೇಲೆ ಸುತ್ತೋ ತೂತಿನ ಡಿಸೈನ್ ಕಾರ್ಡ್ ಸರ ಇದ್ದಂಗೆ. ದಾಟಿದ್ ಕಾರ್ಡಿಗೆಲ್ಲಾ ಕೆಂಪು ದಾರ ಕಟ್ಕೊಂಡ್ ಹೋಗ್ತೀನಿ. ದಾರ ಇರೋ ಕಾರ್ಡು ತಿರ್ಗಾ ಸಿಕ್ರೆ ಸುತ್ತೈತೆ ಅಂತ.” ಅವರಿಬ್ಬರೂ ನಕ್ಕರು. ನಾನೂ ನಕ್ಕೆ. “ಇದು ಮಗ್ಗ ಅಲ್ಲ” ಅಂದೆ. ಆಯ್ಕೆಯ ಹಾಳೆಯಲ್ಲಿ ನಿನ್ನ ಹೆಸರಿನ ಮೇಲೆ ಗೆರೆ ಎಳೆದವಳೂ ನಾನೇ.

ಅವತ್ತು ಇಬ್ಬರೂ ಒಂದೇ ಬಸ್ಸಿನಲ್ಲಿ ಊರಿಗೆ ಬಂದೆವು. ಇಳಿಯುವಾಗ ನೀನು ಎಂದಿನಂತೆ ನನ್ನ ಬ್ಯಾಗನ್ನೂ ಎತ್ತಿಕೊಂಡೆ. ಬೈದಿದ್ದರೆ ಚೆನ್ನಾಗಿತ್ತು ಕಣೋ. ಆ ನಗು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಯುಗಾದಿಗೆ ರಜ ಸಿಗದಿದ್ದರೂ ಬೇವು ಬೆಲ್ಲ ತಿನ್ನುವುದು ಮರೆಯಬೇಡ. ಅಪ್ಪ ಅಮ್ಮನ ಆಶೀರ್ವಾದ ನಿನ್ನ ಮೇಲಿದೆ. ನನ್ನದೂ, ನಿನಗೆ ಬೇಕೆನಿಸಿದರೆ.

ನಿನ್ನ ಅಕ್ಕ,
ರೂಪ

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಬರಲಿಲ್ಲ. ಆ ಪ್ರಶ್ನೆಗೆ ಉತ್ತರ ಅವತ್ತು ನನಗೂ ಗೊತ್ತಿರಲಿಲ್ಲ. ಮರುದಿನ ಪುಸ್ತಕ ತೆಗೆದು ನೋಡಿದೆ. ನೀನು ಹೇಳಿದ್ದು ಸರಿಯಾಗಿತ್ತು. ನೀನು ಊರು ಬಿಟ್ಟದ್ದು ಅದಾದ ಹದಿನೈದು ದಿನಕ್ಕೆ. ಆ ಹದಿನೈದು ದಿನವೂ ನಿನ್ನ ಎದುರಿಗೇ ಕೂತು ಊಟ ಮಾಡಿದೆ, ಹೇಳಲಿಲ್ಲ.