ಬಕೆಟ್ಟಿನಲ್ಲಿ ಕಾಲಿಟ್ಟ ಶೇಖವ್ವ

ಕುಂದಲಹಳ್ಳಿ
14–9–2025, ಭಾನುವಾರ

ಯಮುನಾ,

ಹೆಂಗಿದ್ದೀಯೆ? ಮಂಡಿ ನೋವು ಕಮ್ಮಿ ಆಯ್ತಾ? ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ನನ್ನೊಬ್ಬಳನ್ನ ಬಿಟ್ಟು. ಮೂರು ತಿಂಗಳಾದ ಮೇಲೆ ಬರೀತಿದ್ದೀನಿ, ಬೈಕೋಬೇಡ. ಬೈಕೊಂಡ್ರೂ ಪೂರ್ತಿ ಓದಿ ಆಮೇಲೆ ಬೈಕೋ. ಕುಂದಲಹಳ್ಳಿಯಿಂದ ಬೆಳ್ಳಂದೂರಿಗೆ ಸ್ಟಾಂಪ್ ಹಚ್ಚಿ ಕಾಗದ ಹಾಕೋ ಹುಚ್ಚಿ ಈ ಕಾಲದಲ್ಲಿ ನಾನೊಬ್ಬಳೇ ಇರಬೇಕು. ಏನ್ಮಾಡ್ಲಿ ಹೇಳು. ನೀನು ಫೋನ್ ಎತ್ತಲ್ಲ. ವಾಟ್ಸಾಪಲ್ಲಿ ಎರಡು ಗೀಟು ನೀಲಿ ಆಗ್ತವೆ, ಆಮೇಲೆ ಸದ್ದಿಲ್ಲ. ಬಂದುಬಿಡೋಣ ಅಂದ್ರೆ ನಿನ್ನ ಮಗಳ ಅಪಾರ್ಟ್‌ಮೆಂಟಿನ ಗೇಟಲ್ಲಿ ಆ ಸೆಕ್ಯೂರಿಟಿಯವನು ಮೇಲಕ್ಕೆ ಫೋನ್ ಮಾಡಿ ಕೇಳ್ತಾನೆ. ನೀನು ಮೇಲಿಂದ ‘ಯಾರೋ ಗೊತ್ತಿಲ್ಲ’ ಅಂದುಬಿಟ್ರೆ? ಆ ಭಯಕ್ಕೆ ಬರಲಿಲ್ಲ.

ನಮ್ಮೆಜಮಾನ್ರಿಗೆ ಶುಗರ್ ಹಂಗೇ ಇದೆ, ಕದ್ದು ಮೈಸೂರ್‌ಪಾಕ್ ತಿನ್ನೋದೂ ಹಂಗೇ ಇದೆ. ನಮ್ಮ ಬೀದಿಗೆ ಮತ್ತೆ ಪೈಪ್ ಹಾಕೋಕೆ ಅಗೆದಿದ್ದಾರೆ. ಫೋಟೋ ಬಳಗದವರು ಹೋದ ಭಾನುವಾರ ಹೂವಿನ ಮಾರ್ಕೆಟ್ಟಿಗೆ ಹೋಗಿದ್ರು, ನಾನು ಹೋಗಲಿಲ್ಲ. ಕ್ಯಾಮೆರಾ ಬೀರುವಲ್ಲಿದೆ.

ಸುದ್ದಿ ಮುಗೀತು. ಇನ್ನು ಅಸಲು ವಿಷಯ ಬರೀಬೇಕು. ಕೈ ಓಡ್ತಿಲ್ಲ ಕಣೆ.

ಒಂದು ಮಾತು ಒಪ್ಪಿಕೊಂಡುಬಿಡ್ತೀನಿ, ಆಮೇಲೆ ಸಲೀಸಾಗುತ್ತೆ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಇವತ್ತಿಂದಲ್ಲ. ಸ್ಕೂಲಲ್ಲಿ ನೀನು ಹಾಡಿದ್ರೆ ಮೇಷ್ಟ್ರು ಕಣ್ಣು ಮುಚ್ಕೊಂಡು ಕೇಳ್ತಿದ್ರು, ನಾನು ಹಾಡಿದ್ರೆ ಗಡಿಯಾರ ನೋಡ್ತಿದ್ರು. ಅದಾದ್ರೂ ಹೋಗ್ಲಿ, ಮಕ್ಕಳಾಟ. ಆದರೆ ಈ ಫೋಟೋ ಹುಚ್ಚು ನಂದು. ಬಳಗಕ್ಕೆ ಮೊದಲು ಸೇರಿದ್ದು ನಾನು. ‘ರಿಟೈರ್ ಆಗಿ ಮೊಮ್ಮಗಳ ಹಿಂದೆ ಓಡಾಡ್ಕೊಂಡಿದ್ದೀಯ, ಬಾರೆ’ ಅಂತ ನಿನ್ನನ್ನ ಎಳಕೊಂಡು ಹೋದದ್ದು ನಾನು. ನನ್ನ ಹತ್ರ ಎರಡೆರಡು ಲೆನ್ಸು. ನಿನ್ನ ಹತ್ರ ಅಳಿಯ ಬಿಸಾಕಿದ ಹಳೇ ಕ್ಯಾಮೆರಾ, ಅದರ ಮುಚ್ಚಳ ಬೇರೆ ದಾರದಲ್ಲಿ ಕಟ್ಕೊಂಡಿದ್ದೆ. ಅಂಥಾದ್ರಲ್ಲಿ ಆರೇ ತಿಂಗಳಿಗೆ ಬಳಗ ನಡೆಸೋ ಪಂಚಾಕ್ಷರಿ ಸಾರ್ ಬಂದವರಿಗೆಲ್ಲ ‘ಯಮುನಾ ಮೇಡಂ ಫೋಟೋ ನೋಡಿದ್ರಾ’ ಅನ್ನೋಕೆ ಶುರು ಮಾಡಿದ್ರು. ನನ್ನ ಫೋಟೋ ನೋಡಿದ್ರೆ ‘ತುಂಬಾ ಶಾರ್ಪಾಗಿ ಬಂದಿದೆ’ ಅಂತಾರೆ. ಶಾರ್ಪು! ಚಾಕೂನೂ ಶಾರ್ಪಾಗಿರುತ್ತೆ.

ನಾನು ಮಾತ್ರ ಬಳಗದ ನಿಯಮ ಒಂದಿಷ್ಟೂ ಮೀರಿದವಳಲ್ಲ. ಕೇಳದೆ ಯಾರ ಮುಖಾನೂ ತೆಗೀಬಾರ್ದು, ತೆಗೆದ ಮೇಲೆ ತೋರಿಸ್ಬೇಕು, ಬೇಡ ಅಂದ್ರೆ ಅವರ ಮುಂದೇನೇ ಅಳಿಸ್ಬೇಕು, ಅಂತ ಪಂಚಾಕ್ಷರಿ ಸಾರ್ ಮೊದಲ ದಿನವೇ ಹೇಳಿದ್ರು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಟ್‌ಬುಕ್ಕಲ್ಲಿ ಸೈ ಹಾಕಿಸ್ಕೋತಿದ್ದೆ. ನಮ್ಮ ರಾಗಿ ಹೊಲ ಇದ್ದ ಕಡೆ ಕಟ್ಟಿಸಿದ, ನಮ್ಮ ಮನೆ ಮೇಲಿನ ಆ ಇಪ್ಪತ್ತೆರಡು ಬಾಡಿಗೆ ರೂಮಿನವರ ಹತ್ರಾನೂ ಅಷ್ಟೇ. ಎಲ್ಲ ಕುಷ್ಟಗಿ, ಸಿಂಧನೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ನಾನು ಹೋಗಿ ಕೇಳಿದ್ರೆ ಒಬ್ಬರೂ ಇಲ್ಲ ಅಂದದ್ದಿಲ್ಲ. ಮುಖ ತೊಳ್ಕೊಂಡು, ಒಳ್ಳೇ ಸೀರೆ ಉಟ್ಕೊಂಡು, ತಲೆ ಮೇಲೆ ಸೆರಗು ಹೊದ್ದು ಬಾಗಿಲಲ್ಲಿ ನೆಟ್ಟಗೆ ನಿಲ್ಲೋರು. ಕೊಳೆ ಬಟ್ಟೇಲಿ, ಸಿಮೆಂಟ್ ಮೆತ್ತಿದ ಕೈಯಲ್ಲಿ ನಾನು ಯಾರನ್ನೂ ತೆಗೆದಿಲ್ಲ. ಅವರ ಮರ್ಯಾದೆ ಕಾಪಾಡೋದು ಅಂದ್ರೆ ಅದೇ ಅಂದ್ಕೊಂಡಿದ್ದೆ. ಎಲ್ಲರಿಗೂ ಲ್ಯಾಮಿನೇಷನ್ ಮಾಡಿಸಿ ಒಂದೊಂದು ಪ್ರಿಂಟೂ ಕೊಟ್ಟಿದ್ದೆ.

ನೀನೋ, ಅಂಗನವಾಡಿ ಟೀಚರ್ ಬುದ್ಧಿ ಎಲ್ಲಿ ಹೋಗುತ್ತೆ. ನನ್ನ ನೋಡೋಕೆ ಅಂತ ಬಂದೋಳು ಟೆರೇಸಿಗೆ ಹೋಗಿ ಅವರ ಜೊತೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ್ಕೋತಿದ್ದೆ. ಗಂಟೆಗಟ್ಟಲೆ ಕ್ಯಾಮೆರಾ ಚೀಲದಿಂದ ಆಚೆಗೇ ಬರ್ತಿರಲಿಲ್ಲ. ಅವರು ಕೊಟ್ಟ ಖಡಕ್ ರೊಟ್ಟಿ ತಿಂದುಕೊಂಡು ಹರಟೆ ಹೊಡೀತಿದ್ದೆ. ಕೆಳಗೆ ನಾನು ಕಾಫಿ ಮಾಡಿಟ್ಟು ಕಾಯ್ತಿದ್ದೆ, ಕೆನೆ ಕಟ್ತಿತ್ತು. ನಿಮ್ಮ ನಗು ಮೆಟ್ಟಿಲಿಳಿದು ನನ್ನ ಅಡುಗೆಮನೆಗೆ ಬರೋದು. ಅದು ನನ್ನ ಮನೆ, ನನ್ನ ಬಾಡಿಗೆದಾರರು, ನನ್ನ ಗೆಳತಿ. ನಾನೇ ಆಚೆಯವಳು.

ಈಗ ಬಳಗದ ಜೂನ್ ತಿಂಗಳ ಪ್ರದರ್ಶನದ ವಿಷಯಕ್ಕೆ ಬರ್ತೀನಿ. ವೈಟ್‌ಫೀಲ್ಡಿನ ಆ ಹಾಲಿನೊಳಗೆ ಕಾಲಿಟ್ಟ ತಕ್ಷಣ ಎದುರಿಗೇ ನಿನ್ನ ಫೋಟೋ. ನಮ್ಮ ಟೆರೇಸು, ನಮ್ಮ ನೀರಿನ ಟ್ಯಾಂಕು, ನಮ್ಮ ಬಾಡಿಗೆ ರೂಮಿನ ಶೇಖವ್ವ. ಬಿಸಿನೀರಿನ ಬಕೆಟ್ಟಿನಲ್ಲಿ ಒಂದು ಕಾಲು, ಇನ್ನೊಂದು ಕಾಲು ಆಚೆ, ಒಡೆದ ಹಿಮ್ಮಡಿ ಕಾಣೋ ಹಾಗೆ. ಸೀರೆ ಮೊಣಕಾಲಿನ ತನಕ ಎತ್ತಿ ಕಟ್ಟಿದ್ದಾಳೆ. ತಲೆ ಹಿಂದಕ್ಕೆ ಹಾಕಿ, ಬಾಯಿ ತೆರೆದು ನಗ್ತಿದ್ದಾಳೆ. ನನ್ನ ಮೂರು ಫೋಟೋ ಎಲ್ಲಿದ್ವು ಗೊತ್ತಾ? ವಾಟರ್ ಫಿಲ್ಟರ್ ಪಕ್ಕ. ನೀರು ಕುಡಿಯೋಕೆ ಬಂದವರು ಲೋಟ ತೊಳೀತಾ ನೋಡ್ತಿದ್ರು.

ನಮ್ಮೆಜಮಾನ್ರು ನಿನ್ನ ಫೋಟೋ ಮುಂದೆ ನಿಂತೋರು ಅಲ್ಲಾಡಲಿಲ್ಲ. ‘ಅಲ್ನೋಡೇ, ನಮ್ ಶೇಖವ್ವ ಎಂಗ್ ನಗ್ತಾವ್ಳೆ! ನಾಕ್ ವರ್ಸದಿಂದ ನಮ್ಮನೇಲೇ ಅವ್ಳೆ, ಅವ್ಳಿಗೆ ನಗಾಕ್ ಬತ್ತದೆ ಅಂತ್ಲೇ ಗೊತ್ತಿರ್ಲಿಲ್ವಲ್ಲ’ ಅಂದ್ರು. ಆವತ್ತು ಮೈಯೆಲ್ಲ ಉರಿದುಹೋಯ್ತು ಯಮುನಾ. ಸುಳ್ಳು ಯಾಕೆ ಹೇಳ್ಲಿ, ನಿಂಗೆ ಕೇಡಾಗ್ಲಿ ಅನ್ನಿಸ್ತು.

ಸೀದಾ ಪಂಚಾಕ್ಷರಿ ಸಾರ್ ಹತ್ರ ಹೋದೆ. ‘ಸಾರ್, ಇದು ಕೇಳಿ ತೆಗೆದ ಫೋಟೋ ಅಲ್ಲ. ಮರ್ಯಾದಸ್ಥ ಹೆಂಗಸಿನ ಮೊಣಕಾಲು ಗೋಡೆಗೆ ಹಾಕಿದ್ದೀರಿ, ಅವಳಿಗೆ ಗೊತ್ತಾದ್ರೆ ಅತ್ತುಬಿಡ್ತಾಳೆ’ ಅಂದೆ. ಅವರು ಬೆಚ್ಚಿದ್ರು. ‘ಆಯಮ್ಮ ಹಾಗೆ ಹೇಳಿದ್ರೆ ಈಗಲೇ ಇಳಿಸ್ತೀನಿ. ಆದರೆ ಆಯಮ್ಮ ಹೇಳ್ಬೇಕು’ ಅಂದ್ರು. ನಾನು ಮನೆಗೆ ಬಂದು ಬಿಳಿ ಹಾಳೇಲಿ ಬರೆದೆ: ‘ನನ್ನನ್ನು ಕೇಳದೆ ಈ ಫೋಟೋ ತೆಗೆದಿದ್ದಾರೆ, ನನಗೆ ಒಪ್ಪಿಗೆ ಇಲ್ಲ.’ ಶೇಖವ್ವ ಆಗಷ್ಟೇ ಕೆಲಸದಿಂದ ಬಂದು ಒಲೆ ಹಚ್ಚಿದ್ಲು. ಓದಿ ಹೇಳಿ, ‘ಇಲ್ಲಿ ಸೈ ಮಾಡವ್ವ’ ಅಂದೆ. ಒಂದ್ಸಲ ನನ್ನ ಮುಖ ನೋಡಿದ್ಲು. ಕೈ ಒರೆಸ್ಕೊಂಡು ಸೈ ಮಾಡಿಕೊಟ್ಲು.

ಮಾರನೇ ದಿನ ನಡೆದದ್ದು ನಿನಗೆ ಗೊತ್ತು. ಎಂಟು ಜನರ ಮುಂದೆ ಪಂಚಾಕ್ಷರಿ ಸಾರ್ ನಿನ್ನ ಕೈಗೆ ಆ ಹಾಳೆ ಕೊಟ್ರು. ನೀನು ಓದಿದೆ. ‘ಶೇಖವ್ವಾನೇ ಸೈ ಮಾಡಿದ್ಲಾ?’ ಅಂತ ನನ್ನ ಕೇಳಿದೆ. ಹೂಂ ಅಂದೆ. ‘ಹಂಗಾದ್ರೆ ಇಳಿಸಿಬಿಡಿ ಸಾರ್’ ಅಂದುಬಿಟ್ಟೆ. ಜಗಳ ಆಡ್ತೀಯ ಅಂತ ನಾನು ರೆಡಿಯಾಗಿ ಬಂದಿದ್ದೆ, ಏನೇನು ಹೇಳ್ಬೇಕು ಅಂತ ದಾರಿ ಉದ್ದಕ್ಕೂ ಯೋಚಿಸ್ಕೊಂಡು ಬಂದಿದ್ದೆ. ನೀನು ಫ್ರೇಮನ್ನ ಟವೆಲ್ಲಲ್ಲಿ ಸುತ್ಕೊಂಡು ಆಟೋ ಹತ್ತಿ ಹೋದೆ. ನೀನು ಸುಮ್ಮನಿದ್ದದ್ದಕ್ಕೂ ನಂಗೆ ಹೊಟ್ಟೆ ಉರೀತು, ಅದೂ ಚೆನ್ನಾಗಿ ಮಾಡ್ದೆಯಲ್ಲ ಅಂತ.

ಆಮೇಲಿಂದು ಕೇಳು, ನಿನಗೆ ಸ್ವಲ್ಪ ತಂಪಾಗ್ಲಿ. ಗೋಡೆ ಬೋಳಾಗಿ ಕಾಣುತ್ತೆ ಅಂತ ಪಂಚಾಕ್ಷರಿ ಸಾರ್ ಅದೇ ಮೊಳೆಗೆ ನನ್ನ ಫೋಟೋ ಹಾಕಿಸಿದ್ರು. ಅದೇ ಶೇಖವ್ವ, ಬಾಗಿಲಲ್ಲಿ ಸೆರಗು ಹೊದ್ದು ನಿಂತಿರೋದು. ಎರಡು ದಿನ ನಾನು ಎದುರಿನ ಕುರ್ಚೀಲಿ ಕೂತು ಕಾದೆ. ಜನ ಒಳಗೆ ಬಂದ್ರು, ಒಂದ್ಸಲ ಕಣ್ಣು ಹಾಯಿಸಿದ್ರು, ಮುಂದೆ ಹೋದ್ರು. ಒಬ್ಬರೂ ನಿಲ್ಲಲಿಲ್ಲ.

ಪಂಚಮಿ ಹಬ್ಬಕ್ಕೆ ಶೇಖವ್ವ, ಅವಳ ಗಂಡ ಸೋಮಪ್ಪ ಊರಿಗೆ ಹೋಗಿ ಬಂದ್ರು. ಉಂಡಿ ತಂದಿದ್ದೀವಿ ಬರ್ರಿ ಅಂತ ಕರೆದ್ರು, ಹೋದೆ. ಸೋಮಪ್ಪನ ಬಾಯಿ ಸುಮ್ನಿರುತ್ತಾ? ‘ನಮ್ಮತ್ತಿ ಆ ಫೋಟೋ ದೇವರ ಜಗಲಿ ಮ್ಯಾಲ ಇಟ್ಟಾಳ್ರಿ. ಬಂದೋರಿಗೆಲ್ಲ ತೋರಸ್ತಾಳ’ ಅಂದ. ಯಾವ ಫೋಟೋ ಅಂದೆ. ‘ಅದ ರೀ, ಬಕೀಟಿನ್ಯಾಗ ಕಾಲಿಟ್ಟಿದ್ದು. ಇಕೀನ ಯಮುನಕ್ಕಾರಿಗೆ ಹಠ ಹಿಡದು ತಗಸ್ಯಾಳ. ಹನ್ನೊಂದು ಅಂತಸ್ತು ಇಟ್ಟಂಗಿ ಹೊತ್ತು ಏರಿದ ಕಾಲು, ನಮ್ಮವ್ವ ನೋಡ್ಲಿ, ಊರಿನವ್ರೂ ನೋಡ್ಲಿ ಅಂತ. ಗ್ವಾಡಿಗೆ ಹಾಕ್ರಿ ಅಂದಾಕಿನೂ ಇಕೀನ’ ಅಂದ. ಶೇಖವ್ವ ಅವನಿಗೆ ಕಣ್ಣು ಬಿಟ್ಲು. ಅವನಿಗೆ ಆ ಹಾಳೆ ಸುದ್ದೀನೇ ಗೊತ್ತಿರಲಿಲ್ಲ.

ತಲೆ ಎತ್ತೋಕಾಗದೆ ಪಕ್ಕಕ್ಕೆ ನೋಡಿದ್ರೆ ಅವರ ನೀರಿನ ಬಿಂದಿಗೆ. ಅದರ ಮೇಲೆ ಮುಚ್ಚಳದ ಬದಲು ಮುಚ್ಚಿದ್ದು ನಾನು ಕೊಟ್ಟ ಫೋಟೋ. ಲ್ಯಾಮಿನೇಷನ್ ಮಾಡಿಸಿದ್ನಲ್ಲ, ನೆನೆಯಲ್ಲ. ಅದರ ಮೇಲೆ ಲೋಟ ಬೋರಲು ಹಾಕಿದ್ರು.

‘ಮತ್ಯಾಕೆ ಸೈ ಮಾಡ್ದೆ?’ ಅಂತ ಕೇಳಿದೆ. ‘ನೀವು ಮಾಡು ಅಂದ್ರಿ. ಮಾಡಿದ್ನಿರಿ’ ಅಂದ್ಲು, ಅಷ್ಟೇ. ಇನ್ನೊಂದು ಉಂಡಿ ತಟ್ಟೆಗೆ ಹಾಕಿದ್ಲು. ನಂಗೆ ಅವಳ ಮೇಲೇ ಸಿಟ್ಟು ಬಂತು ನೋಡು. ಬಾಯಿರಲಿಲ್ವಾ ಇವಳಿಗೆ, ಆಗಲೇ ಹೇಳಿದ್ರೆ ಇಷ್ಟೆಲ್ಲ ಆಗ್ತಿತ್ತಾ, ಅಂತ ಮನಸ್ಸಲ್ಲೇ ಬೈಕೊಂಡು ಕೆಳಗಿಳಿದು ಬಂದೆ.

ಪಂಚಾಕ್ಷರಿ ಸಾರ್‌ಗೂ ಬಳಗದವರಿಗೂ ಹೇಳಿದ್ದೀನಿ, ಯಮುನಾ ಕೇಳೇ ತೆಗೆದಿದ್ಲು, ತಪ್ಪು ನಂದು ಅಂತ. ಹೊಟ್ಟೆಕಿಚ್ಚಿಂದ ಮಾಡ್ದೆ ಅಂತ ಹೇಳೋಕೆ ಬಾಯಿ ಬರಲಿಲ್ಲ, ‘ತಪ್ಪು ತಿಳ್ಕೊಂಡೆ’ ಅಂದೆ. ಅದು ನಿನಗೊಬ್ಬಳಿಗೇ ಹೇಳ್ತಿರೋದು. ದೀಪಾವಳಿಗೆ ಇನ್ನೊಂದು ಪ್ರದರ್ಶನ ಇದೆ. ಅದೇ ಗೋಡೆ ನಿನಗೇ ಇಟ್ಟಿದ್ದಾರೆ. ನೀನು ಹೂಂ ಅಂದ್ರೆ ಫೋಟೋ ಹಾಕ್ತಾರೆ, ಇಲ್ಲಾಂದ್ರೆ ಗೋಡೆ ಖಾಲಿ ಬಿಡ್ತಾರಂತೆ. ನಂದು ಯಾವುದೂ ಕೊಟ್ಟಿಲ್ಲ.

ಬಾರೆ. ನನ್ನ ಜೊತೆ ಮಾತಾಡದಿದ್ರೂ ಪರವಾಗಿಲ್ಲ, ಫೋಟೋ ತಗೊಂಡು ಬಾ. ನಾನು ಆವತ್ತು ಬರಬಾರ್ದು ಅಂದ್ರೆ ಅದನ್ನೂ ಹೇಳು, ಮನೇಲೇ ಇರ್ತೀನಿ. ಐವತ್ತು ವರ್ಷದಿಂದ ನಿನ್ನ ನೋಡಿ ಉರ್ಕೊಂಡು ಬದುಕಿದ್ದೀನಿ, ನೀನಿಲ್ಲದೆ ಉರ್ಕೊಳೋಕೂ ಯಾರೂ ಇಲ್ಲ.

ನಿನ್ನ ಮೊಮ್ಮಗಳಿಗೆ ಹಲ್ಲು ಬಿದ್ದಿದೆ ಅಂತ ಯಾರೋ ಹೇಳಿದ್ರು. ಅವಳಿಗೆ ನನ್ನ ಮುತ್ತು, ದೇವರು ನೂರು ವರ್ಷ ಆಯಸ್ಸು ಕೊಡ್ಲಿ. ನಿನ್ನ ಮಂಡಿಗೆ ಹಚ್ಚೋಕೆ ಎಣ್ಣೆ ಕಾಯಿಸಿಟ್ಟಿದ್ದೀನಿ. ನೀನು ಚೆನ್ನಾಗಿರು, ನಿನ್ನ ಕಣ್ಣು ಚೆನ್ನಾಗಿರ್ಲಿ.

ನಿನ್ನ
ವನಜಾ

ಮರೆತಿದ್ದು: ಮರೆತಿಲ್ಲ, ಬರೆಯೋಕೆ ಮನಸ್ಸಿರಲಿಲ್ಲ. ಶೇಖವ್ವ ರೂಮು ಖಾಲಿ ಮಾಡಿದ್ಲು. ಇಲ್ಲಿನ ಕಟ್ಟಡದ ಕೆಲಸ ಮುಗೀತಂತೆ. ಗುರುವಾರ ಲಗೇಜ್ ಆಟೋಗೆ ಸಾಮಾನು ಹಾಕ್ತಿದ್ರು. ನಾನು ಬೀರುವಿಂದ ಕ್ಯಾಮೆರಾ ತಗೊಂಡು ಓಡಿದೆ. ‘ಒಂದು ಫೋಟೋ ಶೇಖವ್ವ. ಸೆರಗು ಹೊದಿಬೇಡ, ಹೆಂಗಿದ್ದೀಯೋ ಹಂಗೇ ನಿಂತ್ಕೋ’ ಅಂದೆ. ಅವಳು ಮೊದಲು ಬೀಗದ ಕೀ ನನ್ನ ಕೈಲಿಟ್ಟು, ಆಮೇಲೆ ‘ಬ್ಯಾಡ್ರಿ ಅಕ್ಕಾರ’ ಅಂದ್ಲು. ಯಾಕವ್ವ ಅಂದೆ. ‘ಮದಲಿಂದನೂ ಬ್ಯಾಡಾಗಿತ್ರಿ. ಮನಿ ನಿಮ್ದಿತ್ತು’ ಅಂದ್ಲು. ಸಿಟ್ಟಿಲ್ಲ ಏನಿಲ್ಲ, ಹೊತ್ತಾಯ್ತು ಅನ್ನೋ ಹಾಗೆ ಹೇಳಿದ್ಲು. ಕ್ಯಾಮೆರಾ ಚೀಲಕ್ಕೆ ಹಾಕಿದೆ. ಆಟೋ ಹತ್ತಿದ ಮೇಲೆ ತಲೆ ಆಚೆ ಹಾಕಿ ಹೇಳಿದ್ಲು: ‘ಯಮುನಕ್ಕಾರಿಗೆ ಹೇಳ್ರಿ, ಸರ್ಜಾಪುರ ರಸ್ತೆ, ದೊಮ್ಮಸಂದ್ರ ದಾಟಿ ಹಳದಿ ನೀರಿನ ಟ್ಯಾಂಕ್ ಹಿಂದಿನ ತಗಡಿನ ಶೆಡ್ಡು. ಐತವಾರ ಇರ್ತೀವಿ, ಬರ್ಲಿ.’ ಮೂರು ದಿನ ಈ ವಿಳಾಸ ನಿನಗೆ ಕಳಿಸಬಾರ್ದು ಅಂತಲೇ ಇದ್ದೆ. ಈಗ ಬರೆದಿದ್ದೀನಿ, ಹೋಗಿ ಬಾ. ನನ್ನ ಬಾ ಅನ್ನಲಿಲ್ಲ ಕಣೆ.